ಧಾರವಾಡಕ್ಕ ಒಂದು ವರ್ಷ ಇರಾಕ ಬರೋ ವಿದೇಶಿ ಹೆಣ್ಣುಮಗಳಿಗೆ ನಮ್ಮ ಹಬ್ಬ-ಹುಣ್ಣಿಮಿ ಹೆಂಗ ಹೇಳಿಕೊಡಬೇಕು?

ಪ್ರಶ್ನೆ: ನಮ್ಮ ಮನಿ ಮ್ಯಾಲಿನ ಅಂತಸ್ತು ಜರ್ಮನಿಯ ಒಬ್ಬ ಹೆಣ್ಣುಮಗಳಿಗೆ ಒಂದು ವರ್ಷಕ್ಕ ಬಾಡಿಗಿ ಕೊಟ್ಟೇವಿ. ಸಂಶೋಧನಾ ಮಾಡಾಕ ಶ್ರಾವಣದಾಗ ಬರ್ತಾಳ. ಆಕಿ ಓದಿದ ಪುಸ್ತಕದಾಗ ಇರೋದೆಲ್ಲಾ ಮೈಸೂರು ದಸರಾ, ತಮಿಳುನಾಡಿನ ಪೊಂಗಲ್. ನಮ್ಮ ಕಡೆ ಹಬ್ಬಕ್ಕ, ದಿನದ ಬಾಳೇವಿಗೆ ಏನೇನು ಹೇಳಿಕೊಡಬೇಕು? ತಿಳಿದವರು ಹೇಳ್ರಿ.

ಧಾರವಾಡದಿಂದ: ಅಕ್ಕಾರ, ಹಬ್ಬಕ್ಕಿಂತ ಮೊದಲು ಕಾಗದಪತ್ರ. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಸಿ ಫಾರ್ಮ್ ಅನ್ನೋದು ಅದರ ರೂಢಿಯ ಹೆಸರು. ಅದು ನಿಮ್ಮ ಹೊಣೆ, ಆಕಿದಲ್ಲ. ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೊ ಮೊದಲೇ ತರಿಸಿಕೊಳ್ಳಿ. ವೀಸಾ 180 ದಿನ ಮೀರಿದ್ದಾದರೆ ಸಾಮಾನ್ಯವಾಗಿ 14 ದಿನದೊಳಗೆ ಆಕಿಯೂ ನೋಂದಣಿ ಮಾಡಿಸಬೇಕು. ಅದಕ್ಕೆ ವಿಳಾಸದ ದಾಖಲೆ ಬೇಕು, ಬಾಡಿಗೆ ಕರಾರುಪತ್ರ ತಡ ಮಾಡಬ್ಯಾಡ್ರಿ.

ನಳದ ನೀರು ಎಲ್ಲ ಬಡಾವಣೆಗೂ ದಿನಾ ಬರೂದಿಲ್ಲ. ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರ್ತದ, ಕುಡಿಯೋ ನೀರು ಯಾವುದು, ಬಳಸೋ ನೀರು ಯಾವುದು ಅಂತ ಮೊದಲ ದಿನವೇ ತೋರಿಸಿ. ತತ್ತಿ, ಮಾಂಸ ಅಡಿಗಿ ಮಾಡಬಾರದು ಅಂತಿದ್ದರೆ ಆಕಿ ಬರೋದಕ್ಕಿಂತ ಮೊದಲೇ ಬಾಯಿಬಿಟ್ಟು ಹೇಳಿ. ಸುಮ್ಮನಿದ್ದು ಆಮೇಲೆ ಮುಖ ಸಣ್ಣ ಮಾಡಿದರೆ ಆಕಿಗೆ ಕಾರಣ ತಿಳಿಯೂದಿಲ್ಲ.

ಮಾತಿನಾಗ ಎರಡು ಕಲಿಸ್ರಿ. "ಊಟ ಆತೇನ್ರಿ?" ಅಂದರೆ ಕ್ಷೇಮ ಕೇಳಿದಂಗ, "ಆತ್ರಿ, ನಿಮ್ದು?" ಅಂದರೆ ಮುಗೀತು. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು.

ಹುಬ್ಬಳ್ಳಿಯಿಂದ: ಶ್ರಾವಣಕ್ಕ ಬಂದರೆ ಮೊದಲು ಸಿಗೋದು ಪಂಚಮಿ. ಒಂದೇ ದಿನದ ಹಬ್ಬ ಅಂತ ಹೇಳಬ್ಯಾಡ್ರಿ. ಮುಂಚಿನ ದಿನಗಳಾಗ ರೊಟ್ಟಿ ಪಂಚಮಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮನಿ ಮನಿ ಹಂಚಿಕೊಳ್ಳೋದು. ಆಮೇಲೆ ನಾಗಪ್ಪಗ ಹಾಲು ಹಾಕೋದು, ಉಂಡಿ, ಜೋಕಾಲಿ. ಹಾಲು ಹಾಕೋ ದಿನ ಒಲಿ ಮ್ಯಾಲೆ ಹಂಚು ಇಡದ ಮನೆಗಳು ಭಾಳ ಅದಾವ, ನಿಮ್ಮಲ್ಲಿ ಹಂಗಿದ್ದರೆ ತಿಳಿಸಿ.

ಓಣಿಯವರು ಉಂಡಿ ತಾಟು ತಂದು ಕೊಡ್ತಾರ. ತಾಟು ಬರಿದ ತಿರುಗಿಸಬಾರದು, ಏನೂ ಇಲ್ಲಂದರೆ ಒಂದು ಚಮಚ ಸಕ್ರಿಯಾದರೂ ಹಾಕಬೇಕು. ಆಕಿ ತಾನೇ ಮಾಡಬೇಕಂದರೆ ಶೇಂಗಾ ಉಂಡಿ ಸುಲಭ, ಪಾಕದ ತ್ರಾಸಿಲ್ಲ. ಅರ್ಧ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರಾ ಆರಿದ ಮೇಲೆ ಸಿಪ್ಪಿ ತಿಕ್ಕಿ ಕೇರಬೇಕು. 350 ಗ್ರಾಂ ಹೆರೆದ ಬೆಲ್ಲ, ನಾಲ್ಕು ಯಾಲಕ್ಕಿ ಸೇರಿಸಿ ಮಿಕ್ಸರ್‌ನಾಗ ಬಿಟ್ಟು ಬಿಟ್ಟು ತಿರುವಬೇಕು. ಒಂದೇ ಸಮ ತಿರುವಿದರೆ ಎಣ್ಣಿ ಬಿಟ್ಟು ಮುದ್ದಿ ಆಗ್ತದ. ಬಿಸಿ ಇದ್ದಾಗಲೇ ತಿರುವಿದರೂ ಅದೇ ಗತಿ. ಪುಡಿ ಉದುರಾಗಿ ಉಂಡಿ ಕಟ್ಟಾಕ ಬರದಿದ್ದರೆ ಒಂದು ಚಮಚ ತುಪ್ಪ ಸಾಕು, ನೀರು ಮುಟ್ಟಿಸಬಾರದು, ಬೇಗ ಕೆಡ್ತದ.

ಗಣಪತಿ ಪಟ್ಟಿ, ಅಂದರೆ ಚಂದಾ, ಕೇಳಾಕ ಹುಡುಗರು ಬಂದರೆ ಮನಿಯವರ ಜೊತಿ ಒಂದೇ ಪಟ್ಟಿ ಕೊಟ್ಟು ಪಾವತಿ ಇಟ್ಟುಕೊಳ್ಳಲಿ. ಹುಬ್ಬಳ್ಳಿ ಗಣಪತಿ ನೋಡಬೇಕಂದರೆ ದಾಜಿಬಾನ ಪೇಟೆ, ದುರ್ಗದಬೈಲ್ ಕಡೆ ನಡುವಿನ ದಿನದಾಗ ಸಂಜಿ ಬೇಗ ಬರಲಿ. ಹನ್ನೊಂದನೇ ದಿನದ ಮೆರವಣಿಗಿ ರಾತ್ರಿಯೆಲ್ಲಾ ನಡೀತದ, ರಸ್ತೆ ಕಟ್ಟಿರ್ತದ, ಡಿಜೆ ಸಪ್ಪಳಕ್ಕ ಕಿವಿಗೆ ಹತ್ತಿ ಬೇಕು. ಬರಾಕ-ಹೋಗಾಕ ಎರಡೂ ಊರಿನ ನಡುವ ಓಡೋ ಚಿಗರಿ ಬಸ್ಸು ಛಲೋ. ಟಿಕೆಟ್ ನಿಲ್ದಾಣದಾಗೇ ತಗೋಬೇಕು, ನಿಲ್ದಾಣ ರಸ್ತೆ ನಡುವ ಇರ್ತದ.

ಹೋಳಿ ಬಣ್ಣ ಹುಣ್ಣಿಮಿ ಆಗಿ ಐದನೇ ದಿನ, ರಂಗಪಂಚಮಿಗೆ.

ಧಾರವಾಡದಿಂದ: ಅದು ಹುಬ್ಬಳ್ಳಿ ಲೆಕ್ಕರಿ. ಧಾರವಾಡದಾಗ ಬಣ್ಣ ಹುಣ್ಣಿಮಿ ಮರುದಿನವೇ. 20 ಕಿಲೋಮೀಟರ್ ಅಂತರದಾಗ ಎರಡು ದಿನ ಬಣ್ಣ ಅಂತ ಆಕಿಗೆ ಗೊತ್ತಿರಲಿ, ಇಲ್ಲಾಂದ್ರೆ ರಂಗಪಂಚಮಿ ದಿನ ಒಳ್ಳೆ ಅರಿವಿ ಹಾಕ್ಕೊಂಡು ಹುಬ್ಬಳ್ಳಿಗೆ ಹೋಗಿ ಸಿಕ್ಕೊಳ್ತಾಳ. ಆಡೋದಾದರೆ ಮೈ-ಕೂದಲಿಗೆ ಕೊಬ್ಬರಿ ಎಣ್ಣಿ ಹಚ್ಚಿ, ಕಣ್ಣಿನ ಲೆನ್ಸ್ ತೆಗೆದಿಟ್ಟು, ಗೊತ್ತಿದ್ದವರ ಗುಂಪಿನಾಗಷ್ಟೇ ಆಡಲಿ. ಎಣ್ಣಿ ಬಣ್ಣ ಹತ್ತಿದರೆ ಸೀಮೆಎಣ್ಣಿ ಹಚ್ಚಬಾರದು, ಕೊಬ್ಬರಿ ಎಣ್ಣಿಯಿಂದಲೇ ಒರೆಸಬೇಕು.

ಗದಗಿನಿಂದ: ಗಣಪತಿ ಆದ ಮೇಲೆ ಬುಟ್ಟಿಯೊಳಗ ಮಣ್ಣಿನ ಮೂರ್ತಿ, ಬೇವಿನ ತಪ್ಪಲು ಹೊತ್ತುಕೊಂಡು ಹೆಣ್ಣುಮಕ್ಕಳು ಹಾಡ್ತಾ ಬಾಗಿಲಿಗೆ ಬರ್ತಾರ. ಭಿಕ್ಷೆ ಬೇಡುವವರು ಅಂತ ಆಕಿ ಚಿಲ್ಲರೆ ಕೊಟ್ಟು ಬಾಗಿಲು ಹಾಕಬಾರದು. ಅಂವ ಜೋಕುಮಾರ, ಮಳಿ ತರುವಾಂವ. ಮೊರದಾಗ ಒಂದು ಸೇರು ಜೋಳ, ಉಪ್ಪು, ಮೆಣಸಿನಕಾಯಿ ಕೊಟ್ಟು, ಮೂರ್ತಿಯ ತುಟಿಗೆ ಬೆಣ್ಣಿ ಹಚ್ಚೋದು ರೂಢಿ. ಹಾಡು ಪೂರಾ ಕೇಳಲಿ. ಧ್ವನಿಮುದ್ರಣ, ಫೋಟೊ ಮೊದಲು ಕೇಳಿ, ಒಪ್ಪಿದರೆ ಮಾತ್ರ.

ದೀಪಾವಳಿ ಪಾಡ್ಯಕ್ಕ ಹೊಸ್ತಿಲ ಬದಿಗೆ ಸಗಣಿಯ ಪಾಂಡವರನ್ನ ಕೂಡಿಸ್ತಾರ, ಉತ್ತರಾಣಿ ಕಡ್ಡಿ, ಚೆಂಡುಹೂವು ಚುಚ್ಚಿರ್ತದ. ಮುಂಜಾನೆ ಕೆಳಗಿಳಿದು ಬರುವಾಗ ತುಳಿಯಬಾರದು, ಕಸ ಅಂತ ಬಳಿಯಲೂಬಾರದು. ಇದನ್ನ ಹಿಂದಿನ ರಾತ್ರಿಯೇ ಹೇಳಿ. ಗೌರಿ ಹುಣ್ಣಿಮಿ ಅಂದರೆ ಭಾದ್ರಪದದ ಗೌರಿಯಲ್ಲ, ಕಾರ್ತಿಕದ್ದು. ಸಕ್ರಿ ಆರತಿ ಗೊಂಬಿ ಪ್ಯಾಟಿಯಿಂದ ತಂದು ಆಕಿಗೂ ಕೊಡ್ರಿ, ಒದ್ದಿ ಕೈ ತಾಗದಂಗ ಡಬ್ಬಿಯೊಳಗ ಇಡಲಿ.

ಪ್ರಶ್ನೆ ಕೇಳಿದವರು: ನಮ್ಮ ತವರು ಹಾವೇರಿ ಕಡೆ. ಎಳ್ಳ ಅಮಾಸಿಗೆ ಹೊಲಕ್ಕ ಕರಕೊಂಡು ಹೋಗಬಹುದೇನ್ರಿ?

ಹಾವೇರಿಯಿಂದ: ತಪ್ಪದ ಕರಕೊಂಡು ಬರ್ರಿ, ವರ್ಷದಾಗ ಇದಕ್ಕಿಂತ ಛಲೋ ದಿನ ಸಿಗೂದಿಲ್ಲ. ಎರಿ ಹೊಲ, ಬೆಳಿಗ್ಗೆ ಇಬ್ಬನಿ ಇರ್ತದ, ಹಿಡಿತ ಇರೋ ಚಪ್ಪಲಿ, ಟೊಪ್ಪಿಗಿ, ನೀರಿನ ಬಾಟಲಿ ಇರಲಿ. ಪೂಜಿ ಜಾಗದ ಹತ್ತಿರ ಚಪ್ಪಲಿ ಬಿಡಬೇಕು. ಚರಗ ಚೆಲ್ಲೋದು, ಅಂದರೆ ಅಡಿಗಿಯನ್ನ ಹೊಲದಾಗ ಎರಚೋದು, ಭೂಮಿತಾಯಿಗೆ ಉಣ್ಣಿಸೋದು ಅಂತ ಹೇಳಿ, ಅದು ಮುಗಿಯೋ ತನಕ ಯಾರೂ ಉಣ್ಣೂದಿಲ್ಲ. ಹಂಗಾಗಿ ಮುಂಜಾನೆ ಸ್ವಲ್ಪ ತಿಂದು ಹೊರಡ್ರಿ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗಿ, ಮೊಸರ ಬುತ್ತಿ, ಎಲ್ಲಾ ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ಳಲಿ. ಖಾರ ತಡೀದಿದ್ದರೆ ಮೊಸರ ಬುತ್ತಿ ಮೊದಲು.

ಹೊರಡುವಾಗ ಮನಿ ಹೆಣ್ಣುಮಕ್ಕಳು ಆಕಿಗೆ ಉಡಿ ತುಂಬತಾರ. ಪ್ಯಾಂಟು ತೊಟ್ಟಿದ್ದರೆ ಉಡಿ ಒಡ್ಡಾಕ ಸೆರಗಿಲ್ಲ, ಒಂದು ದೊಡ್ಡ ದುಪಟ್ಟಾ ಹೆಗಲ ಮ್ಯಾಲೆ ಇರಲಿ. ಎರಡೂ ಕೈಯಿಂದ ಒಡ್ಡಬೇಕು. ಕುಂಕುಮ ಹಚ್ಚಿ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಕಿ, ಅರಿಷಿಣ ಕೊಂಬು, ಎಲಿ ಹಾಕ್ತಾರ. ಇದಕ್ಕ ರೊಕ್ಕ ತಿರುಗಿ ಕೊಡಾಕ ಹೋಗಬಾರದು, ನೋವಾಗ್ತದ. ಆ ಅಕ್ಕಿ ಚೆಲ್ಲಬಾರದು, ಮನಿಗೆ ಒಯ್ದು ಸಿಹಿ ಅನ್ನ ಮಾಡಿಕೊಂಡು ಉಣ್ಣಲಿ.