ಶಿಕ್ಷಕರ ಇ-ಪೋರ್ಟ್‌ಫೋಲಿಯೊ: ಸರ್ಟಿಫಿಕೇಟ್ ಬಿಟ್ಟು ಏನು ಹಾಕಬೇಕು, ಎಲ್ಲಿ ಇಡಬೇಕು?

ಬ್ರಹ್ಮಾವರ_ಟೀಚರ್
ನಮಸ್ಕಾರ. ಉಡುಪಿ ಜಿಲ್ಲೆಯ ಅನುದಾನಿತ ಶಾಲೆ, 5ರಿಂದ 7ನೇ ತರಗತಿಗೆ ಗಣಿತ. ಈ ವರ್ಷ ಎಲ್ಲ ಶಿಕ್ಷಕರೂ ತಮ್ಮ ಕೆಲಸದ ಪುರಾವೆಗಳ ಆನ್‌ಲೈನ್ ಸಂಗ್ರಹ, ಅಂದರೆ ಇ-ಪೋರ್ಟ್‌ಫೋಲಿಯೊ ಮಾಡಿ ಲಿಂಕ್ ಕೊಡಬೇಕು ಅಂತ ಆಡಳಿತ ಮಂಡಳಿ ಹೇಳಿದೆ. ಕೈಯಲ್ಲಿರುವುದು ದೀಕ್ಷಾ ಆನ್‌ಲೈನ್ ವೇದಿಕೆಯಲ್ಲಿ ಮುಗಿಸಿದ ನಿಷ್ಠಾ ಶಿಕ್ಷಕ ತರಬೇತಿ ಕೋರ್ಸ್‌ಗಳ ಸರ್ಟಿಫಿಕೇಟ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಾಠಯೋಜನೆ, ಮೊಬೈಲ್ ತುಂಬ ಫೋಟೊ. ಎಲ್ಲ ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟರೆ ಸಾಕಾ? ಸೈಟ್ ಬೇಕಾ? ಮಕ್ಕಳ ಫೋಟೊ ಹಾಕಬಹುದಾ?

ಕಾರ್ಕಳ_ಗಣಿತ
ಟೀಚರ್, ಹಾಗೆ ಸುರಿದರೆ ಅದು ಗೋದಾಮು ಆಗುತ್ತದೆ, ತೆರೆದು ನೋಡುವವರು ಯಾರೂ ಇರುವುದಿಲ್ಲ. ಸರ್ಟಿಫಿಕೇಟ್ ಹೇಳುವುದು ಕೋರ್ಸ್ ಮುಗಿಸಿದ್ದೀರಿ ಅಂತ ಮಾತ್ರ. ನಿಷ್ಠಾದಲ್ಲಿ ಕೊನೆಯ ಮೌಲ್ಯಮಾಪನಕ್ಕೆ ಶೇ. 70 ಬಂದರೆ ಅದು ಸಿಗುತ್ತದೆ, ಆದರೆ ನಿಮ್ಮ ತರಗತಿಯಲ್ಲಿ ಏನು ಬದಲಾಯಿತು ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಅದನ್ನೆಲ್ಲ ಕೊನೆಯಲ್ಲಿ ಒಂದು ಪಟ್ಟಿಯಾಗಿ ಹಾಕಿ.

ಒಂದು ವರ್ಷಕ್ಕೆ ನಿಮ್ಮ ಪಾಠದ ಬಗ್ಗೆ ಎರಡೇ ಪ್ರಶ್ನೆ ಇಟ್ಟುಕೊಳ್ಳಿ, ಮೂರಾದರೆ ಹೆಚ್ಚು. ಉದಾಹರಣೆಗೆ, 5ನೇ ತರಗತಿಯಲ್ಲಿ '1/6 ದೊಡ್ಡದೋ 1/8 ದೊಡ್ಡದೋ' ಅಂತ ಕೇಳಿದರೆ ಎಷ್ಟೋ ಮಕ್ಕಳು 1/8 ಅನ್ನುತ್ತಾರೆ, 6ಕ್ಕಿಂತ 8 ದೊಡ್ಡದಲ್ವಾ! ಪಾಠಕ್ಕೆ ಮೊದಲೇ ಈ ಲೆಕ್ಕ ಕೊಟ್ಟು, 'ಯಾಕೆ' ಅಂತ ಒಂದು ಸಾಲು ಬರೆಸಿ ಫೋಟೊ ತೆಗೆಯಿರಿ. ಆಮೇಲೆ ಒಂದೇ ಉದ್ದದ ಕಾಗದದ ಪಟ್ಟಿಗಳನ್ನು 2, 4, 8 ಭಾಗಕ್ಕೆ ಮಡಿಸಿ ಪಾಠ ಮಾಡಿ. 6 ಭಾಗಕ್ಕೆ ಮೊದಲು ಮೂರಾಗಿ ಮಡಿಸಬೇಕು, ಅದು ಮಕ್ಕಳಿಗೆ ಸೊಟ್ಟ ಹೋಗುತ್ತದೆ. ಅಳತೆ ಹಾಕಿ ಗೆರೆ ಎಳೆದ ಪಟ್ಟಿಯನ್ನೇ ಕೊಡಿ. ಎರಡು ವಾರ ಬಿಟ್ಟು ಅದೇ ಬಗೆಯ ಲೆಕ್ಕವನ್ನು ಬೇರೆ ಸಂಖ್ಯೆಗಳಲ್ಲಿ ಕೊಡಿ.

ಪೋರ್ಟ್‌ಫೋಲಿಯೊಗೆ ಹೋಗುವುದು ಮೂರು ಮಕ್ಕಳ ಪುಟ: ಒಂದು ಅರ್ಥವಾದದ್ದು, ಒಂದು ಅರ್ಧಂಬರ್ಧ, ಒಂದು ಇನ್ನೂ ಆಗದ್ದು. ಮೊದಲೂ ಆಮೇಲೂ ಅದೇ ಮೂವರು ಇರಬೇಕು. ಚೆನ್ನಾಗಿ ಬರೆದವರದ್ದೇ ಹಾಕಿದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಕೆಳಗೆ ಟಿಪ್ಪಣಿ 150 ಪದದೊಳಗೆ: ಏನು ಕಂಡಿತು, ಯಾಕಿರಬಹುದು, ಮುಂದಿನ ಸಲ ಏನು ಬದಲಿಸುತ್ತೀರಿ. 'ಮಕ್ಕಳು ಸಂತೋಷದಿಂದ ಭಾಗವಹಿಸಿದರು' ಅಂತ ಮಾತ್ರ ಬರೆಯಬೇಡಿ ಮಾರಾಯ್ರೆ, ಅದು ವಾರ್ಷಿಕ ವರದಿಯ ವಾಕ್ಯ.

ಕೊಡಿಯಾಲಬೈಲ್_ಐಟಿ
ಸೈಟ್ ಬೇಕೇಬೇಕು ಅಂತ ಇಲ್ಲ. ಒಂದು ಗೂಗಲ್ ಡಾಕ್, ಅದರಲ್ಲಿ ಶೀರ್ಷಿಕೆಗಳು, ಪ್ರತಿ ಪ್ರಶ್ನೆಗೆ ಒಂದು ಭಾಗ, ಇಷ್ಟಿದ್ದರೆ ಮೊದಲ ವರ್ಷಕ್ಕೆ ಧಾರಾಳ. ಗೂಗಲ್ ಸೈಟ್ಸ್‌ನಲ್ಲೇ ಮಾಡುವುದಾದರೆ ಒಂದು ಕಡೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಸೈಟ್ ಪಬ್ಲಿಷ್ ಮಾಡಿದರೂ ಅದರೊಳಗೆ ಸೇರಿಸಿದ ಡ್ರೈವ್ ಫೈಲ್‌ಗಳ ಅನುಮತಿ ಬೇರೆಯೇ. ನಿಮಗೆ ಎಲ್ಲ ಸರಿಯಾಗಿ ಕಾಣುತ್ತದೆ, ಯಾಕಂದ್ರೆ ಫೈಲ್ ನಿಮ್ಮದು. ಮುಖ್ಯೋಪಾಧ್ಯಾಯರು ತೆರೆದರೆ ಅನುಮತಿ ಕೇಳುವ ಖಾಲಿ ಚೌಕ ಬರುತ್ತದೆ. ಒಂದು ಫೋಲ್ಡರ್ ಮಾಡಿ, ನೋಡಬೇಕಾದವರ ಇಮೇಲ್‌ಗಳನ್ನು ಆ ಫೋಲ್ಡರ್‌ಗೇ ಸೇರಿಸಿ, ವೀಕ್ಷಣೆಗೆ ಮಾತ್ರ ಅನುಮತಿ ಕೊಡಿ. ಆಮೇಲೆ ಬೇರೆಯವರ ಮೊಬೈಲ್‌ನಲ್ಲಿ ಒಮ್ಮೆ ತೆರೆದು ನೋಡಿ.

ಶಾಲೆ ಕೊಟ್ಟ ಇಮೇಲ್‌ನಲ್ಲಿ ಮಾತ್ರ ಇಡಬೇಡಿ. ಶಾಲೆ ಬಿಟ್ಟ ದಿನ ಖಾತೆಯೂ ಹೋಗುತ್ತದೆ. ಸ್ವಂತ ಖಾತೆಯಲ್ಲಿ ಉಚಿತ ಜಾಗ 15 ಜಿಬಿ, ಜಿಮೇಲ್, ಫೋಟೊಸ್ ಎಲ್ಲ ಸೇರಿ. ಫೋಟೊ, ಪಿಡಿಎಫ್‌ಗೆ ಅದು ಸಾಕು. ಇಡೀ ಪೀರಿಯಡ್‌ನ ವಿಡಿಯೊ ಹಾಕಲು ಹೊರಟರೆ ಬೇಗ ತುಂಬುತ್ತದೆ.

ನುಡಿ ವಿಷಯ: ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಡಾಕ್‌ಗೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಭಿನ್ನರಾಶಿಗಳನ್ನು ಕಣ್ಣಿಟ್ಟು ನೋಡಿ, ತಪ್ಪುವುದು ಅಲ್ಲೇ. ಪರಿವರ್ತಿಸದೆ ಪಿಡಿಎಫ್ ಮಾಡಿ ಹಾಕಿದರೂ ಓದಲು ಬರುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ.

ಫೈಲ್ ಹೆಸರು ಹೀಗಿರಲಿ: 2025-07-ಗಣಿತ-5-ಭಿನ್ನರಾಶಿ-ಮೊದಲು. ವರ್ಷ ಮುಂದೆ ಇದ್ದರೆ ತಾನಾಗಿ ಸಾಲಾಗಿ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದನ್ನು ಇಳಿಸಿ ಹಾಕಬೇಡಿ, ಪೆನ್ಸಿಲ್ ಬರಹ ಮಸುಕಾಗುತ್ತದೆ. ಮಳೆಗಾಲದಲ್ಲಿ ತರಗತಿಯೊಳಗೆ ಬೆಳಕು ಸಾಲದು, ಪುಸ್ತಕವನ್ನು ಜಗಲಿಗೆ ತಂದು ಡ್ರೈವ್ ಆ್ಯಪ್‌ನ ಸ್ಕ್ಯಾನ್‌ನಲ್ಲೇ ತೆಗೆಯಿರಿ.

ಬ್ರಹ್ಮಾವರ_ಟೀಚರ್
ತುಂಬ ಉಪಕಾರ. ಮಕ್ಕಳ ಫೋಟೊ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ, ಪಾಠ ಮಾಡುವ ರೀತಿಗೆ ವಿಡಿಯೊ ಇಲ್ಲದೆ ಪುರಾವೆ ಹೇಗೆ?

ತರಬೇತಿ_ಮಂಗಳೂರು
ಮುಖ ಬೇಡ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಮುಖ್ಯ. ನಿಮ್ಮ ಕೆಲಸಕ್ಕೆ ಬೇಕಾದ್ದು ಮಗುವಿನ ಬರಹ, ಮುಖ ಅಲ್ಲ. ಮೇಲಿನಿಂದ ಪುಟ ಮಾತ್ರ ತೆಗೆಯಿರಿ, ಹೆಸರಿನ ಲೇಬಲ್ ಬಂದರೆ ಗ್ಯಾಲರಿಯಲ್ಲೇ ಕತ್ತರಿಸಿ ಹೊಸ ಪ್ರತಿಯಾಗಿ ಉಳಿಸಿ. ಡಾಕ್‌ನೊಳಗೆ ಕತ್ತರಿಸಿದರೆ ಮೂಲ ಚಿತ್ರ ಹಾಗೇ ಇರುತ್ತದೆ, ಪ್ರತಿ ಮಾಡಿಕೊಂಡವರು ಮರಳಿ ತೆರೆಯಬಹುದು. ಮೊಬೈಲ್‌ನ ಹೈಲೈಟರ್‌ನಿಂದ ಕಪ್ಪು ಬಳಿಯುವುದೂ ಸಾಲದು. ಅದು ಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಹೆಸರು ಓದಲು ಬರುತ್ತದೆ.

ಪಾಠಕ್ಕೆ 10 ನಿಮಿಷದ ಆಡಿಯೊ ಸಾಕು. ಮೊಬೈಲನ್ನು ಮೇಜಿನ ಮೇಲೆ ಬಟ್ಟೆ ಮಡಿಸಿ ಅದರ ಮೇಲಿಡಿ, ಇಲ್ಲದಿದ್ದರೆ ಡಸ್ಟರ್ ಇಟ್ಟ ಸದ್ದೇ ಜೋರಾಗಿ ಕೇಳುತ್ತದೆ. ಹೆಂಚಿನ ಮಾಡಿನ ಮೇಲೆ ಜೋರು ಮಳೆ ಬರುವಾಗ ಪ್ರಯತ್ನವೇ ಬೇಡ. ಆಮೇಲೆ ಕೇಳುತ್ತಾ, ಪ್ರತಿ ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಸುಮ್ಮನಿದ್ದಿರಿ ಅಂತ ಬರೆಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಸಂಶೋಧನೆ ಹೇಳುವುದು ಇದನ್ನೇ: ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡ್ ಕೂಡ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಕ್ಕಳು ಕನ್ನಡದಲ್ಲಿ ವಾಕ್ಯ ಜೋಡಿಸಿಕೊಳ್ಳಲು ಇನ್ನೂ ತುಸು ಹೊತ್ತು ಬೇಕು. ಜುಲೈಯ ಅಂಕಿ, ನವೆಂಬರ್‌ನ ಅಂಕಿ, ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ. ಆಡಿಯೊ ಹಂಚುವುದು ಬೇಡ, ಕೋಷ್ಟಕ ಸಾಕು. ಸೆಕೆಂಡ್ ಲೆಕ್ಕ ಮುಗಿದ ಮೇಲೆ ಆಡಿಯೊ ಅಳಿಸಿಬಿಡಿ.

ಇನ್ನೊಂದು, ರಾಷ್ಟ್ರೀಯ ಶಿಕ್ಷಣ ನೀತಿ 2020 ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಅಭಿವೃದ್ಧಿ ಇರಲಿ ಅನ್ನುತ್ತದೆ. ಅದಕ್ಕೆ ಒಂದು ಶೀಟ್: ದಿನಾಂಕ, ವಿಷಯ, ಗಂಟೆ, ಸರ್ಟಿಫಿಕೇಟ್ ಲಿಂಕ್, ಮತ್ತು 'ತರಗತಿಯಲ್ಲಿ ಎಲ್ಲಿ ಬಳಸಿದೆ' ಅಂತ ಕೊನೆಯ ಕಾಲಂ. ಕೊನೆಯ ಕಾಲಂ ಖಾಲಿ ಇರುವ ಕೋರ್ಸ್‌ಗಳೇ ಹೆಚ್ಚಿದ್ದರೆ ಮುಂದಿನ ವರ್ಷ ಕೋರ್ಸ್ ಆರಿಸುವಾಗ ಆ ಶೀಟನ್ನೇ ತೆರೆದಿಟ್ಟುಕೊಳ್ಳಿ. ದೀಕ್ಷಾದಲ್ಲಿ ಹೊಸ ಕೋರ್ಸ್‌ಗೆ ಸೇರುವ ಮೊದಲು ಪ್ರೊಫೈಲ್‌ನಲ್ಲಿ ನಿಮ್ಮ ಹೆಸರಿನ ಕಾಗುಣಿತ, ಇನಿಶಿಯಲ್ ಸೇವಾ ಪುಸ್ತಕದಲ್ಲಿ ಇದ್ದ ಹಾಗೇ ಇದೆಯಾ ನೋಡಿಕೊಳ್ಳಿ, ಸರ್ಟಿಫಿಕೇಟಿಗೆ ಬರುವುದು ಅದೇ.