ಅಪ್ಪನಿಗೆ ಡಯಾಲಿಸಿಸ್ ಶುರುವಾಗಿದೆ, ನಿಮ್ಮ ಅನುಭವ ಹೇಳ್ತೀರಾ?

ಕಾರ್ಕಳದಿಂದ ಕೇಳುತ್ತಿದ್ದೇನೆ. ಅಪ್ಪನಿಗೆ 62 ವರ್ಷ. ವಾರಕ್ಕೆ ಮೂರು ಸಲ ಉಡುಪಿಗೆ ಹೋಗಿ ಡಯಾಲಿಸಿಸ್. ಎಡಗೈಗೆ ಫಿಸ್ಟುಲಾ ಮಾಡಿದ್ದಾರೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳ ಜೋಡಿಸಿದ್ದಾರೆ. ನೀರು ಕಡಿಮೆ ಮಾಡಿ ಎಂದರೆ ಸಿಟ್ಟು. ರಾತ್ರಿಯ ಗಂಜಿ ಬಿಡಲು ಒಪ್ಪುವುದೇ ಇಲ್ಲ. ನೀವೆಲ್ಲ ಹೇಗೆ ಸುಧಾರಿಸಿದಿರಿ?

ಕಾಪುವಿನಿಂದ

ನಾನೇ ಪೇಷಂಟ್, ನಾಲ್ಕು ವರ್ಷ ಆಯಿತು. ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತದೆ. ಮೆಷಿನ್ ಪಕ್ಕ ನಾಲ್ಕು ಗಂಟೆ ಮಲಗಬಹುದು ಮಾರಾಯ್ರೆ, ದಾಹ ತಡೆಯುವುದೇ ಕಷ್ಟ.

ನನಗೆ ಡಾಕ್ಟರು ಕೊಟ್ಟ ಲೆಕ್ಕ: ದಿನಕ್ಕೆ ಮೂತ್ರ ಎಷ್ಟು ಹೋಗುತ್ತದೋ ಅಷ್ಟು, ಮೇಲೆ ಅರ್ಧ ಲೀಟರ್. ಅಪ್ಪನ ಲೆಕ್ಕ ಅವರ ಡಾಕ್ಟರ ಹತ್ತಿರವೇ ಕೇಳಿ. ಚಹಾ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ. ಗಂಜಿಯ ತೆಳಿಯೂ! ನಾನು ಅದನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. 'ನೀರು ಕುಡಿದೇ ಇಲ್ಲ ಸಿಸ್ಟರ್' ಎಂದು ವಾದ ಮಾಡುತ್ತಿದ್ದೆ, ತೂಕ ನೋಡಿದರೆ ಮೂರೂವರೆ ಕೆಜಿ ಜಾಸ್ತಿ. ಅಷ್ಟನ್ನೂ ಒಂದೇ ಸಲ ತೆಗೆಯುವಾಗ ಬಿಪಿ ಇಳಿದು, ಮೀನಖಂಡ ಹಿಡಿದುಕೊಂಡು ಕೂಗಿದ್ದೇನೆ.

ಗಂಜಿ ಬಿಡಿಸಬೇಡಿ. ತೆಳಿ ಬಸಿದು ಬರೀ ಅಗಳು ಬಡಿಸಿ. ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಸಿಡಿ, ಅರ್ಧ ಲೋಟ ಚಹಾ ಕುಡಿದರೆ ಅಷ್ಟು ನೀರು ಚೆಲ್ಲಿ. ಕಣ್ಣಿಗೆ ಕಂಡರೆ ಜಗಳ ಕಡಿಮೆ. ಆದರೆ ಮೊದಲು ಉಪ್ಪು ನೋಡಿ. ಉಪ್ಪಿನಕಾಯಿ, ಒಣಮೀನು ತಿಂದು ಬಾಯಾರಿಕೆ ತಡೆಯಲು ಯಾರಿಂದಲೂ ಆಗದು. ಅಂಗಡಿಯ 'ಲೋ ಸೋಡಿಯಂ' ಉಪ್ಪು ಮಾತ್ರ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ.

ಬಂಟ್ವಾಳದಿಂದ

ನಿಮ್ಮ ಹಿತ್ತಲಲ್ಲಿ ದಾರೆಹುಳಿ (ಸ್ಟಾರ್ ಫ್ರೂಟ್) ಮರ ಇದೆಯಾ? ನಮ್ಮಲ್ಲಿ ಇತ್ತು. ಕಿಡ್ನಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದಕ್ಕೆ ಅಮ್ಮ ಒಂದು ಲೋಟ ಜ್ಯೂಸ್ ಕುಡಿದರು. ಸಂಜೆಯಿಂದ ಬಿಕ್ಕಳಿಕೆ. ನಿಲ್ಲಲೇ ಇಲ್ಲ. ಬೆಳಗಾಗುವಾಗ ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ 'ಏನು ತಿಂದಿರಿ' ಎಂದು. ಕೂಡಲೇ ಡಯಾಲಿಸಿಸ್ ಮಾಡಿದ್ದರಿಂದ ಉಳಿದರು. ಆ ಹಣ್ಣಿನಲ್ಲಿ ಮೆದುಳಿಗೆ ವಿಷವಾಗುವ ಅಂಶ ಇದೆಯಂತೆ. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಸರಿ ಇರುವ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಕೆಟ್ಟ ಕಿಡ್ನಿ ಹಾಕುವುದಿಲ್ಲ. ಒಂದು ತುಂಡೂ ಬೇಡ.

ಬಿಂಬುಳಿಯೂ (ಬಿಲಿಂಬಿ ಕಾಯಿ) ಬೇಡ, ಅದರಲ್ಲಿ ಆಕ್ಸಲೇಟ್ ಜಾಸ್ತಿ. ಬೊಂಡ (ಎಳನೀರು), ಹಲಸಿನ ಹಣ್ಣಿನಲ್ಲಿ ಪೊಟ್ಯಾಸಿಯಂ. ಏರಿದರೆ ಹೃದಯಕ್ಕೇ ಹೊಡೆತ. ನೋಡಲು ಬರುವ ನೆಂಟರು ತರುವುದು ಬೊಂಡವನ್ನೇ ಅಲ್ವಾ! ಬಾಗಿಲಲ್ಲೇ ತೆಗೆದಿಟ್ಟುಬಿಡಿ.

ಸುರತ್ಕಲ್‌ನಿಂದ

ಫಿಸ್ಟುಲಾ ಇರುವ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ. ಆ ಕೈಯಲ್ಲಿ ಭಾರದ ಚೀಲ ಹಿಡಿಯುವುದೂ ಬೇಡ. ದಿನಾ ಬೆಳಿಗ್ಗೆ ಬೆರಳಿಟ್ಟು ನೋಡಿ, ಜುಮ್ ಎನ್ನಬೇಕು. ಜುಮ್ ನಿಂತರೆ ನಾಳೆಗೆ ಕಾಯಬೇಡಿ, ಆವತ್ತೇ ಹೋಗಿ.

ಬಿಪಿಎಲ್ ಕಾರ್ಡ್ ಇದ್ದರೆ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ, ಮಂಗಳೂರಿನ ವೆನ್ಲಾಕ್‌ನಲ್ಲಿ ವಿಚಾರಿಸಿ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಯೋಜನೆ 2016ರಿಂದ ಇದೆ. ಮತ್ತೆ, ವಾಪಸ್ ಬರುವಾಗ ಬಸ್ಸಲ್ಲಿ ಒಬ್ಬರನ್ನೇ ಬಿಡಬೇಡಿ. ನಮ್ಮ ಭಾವ ಬಸ್ ಸ್ಟ್ಯಾಂಡಿನಲ್ಲೇ ತಲೆ ತಿರುಗಿ ಕೂತಿದ್ದರು.

ಕಾರ್ಕಳದಿಂದ ಮತ್ತೆ

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಬಿಂಬುಳಿ ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತು. ನಿನ್ನೆ ತೆಳಿ ಬಸಿದು ಬಡಿಸಿದೆವು. ಅಪ್ಪ ಬೈದರು, ಆದರೆ ಉಂಡರು.