ಬಿಲ್ಲಿನಲ್ಲಿ ತಪ್ಪುವ ಒಂದು ಪೈಸೆ: ಪೂರ್ಣಾಂಕ ಮತ್ತು ದಶಮಾಂಶ

ಪ್ರಶ್ನೆ (ಬದಿಯಡ್ಕದ ಅಡಿಕೆ ವ್ಯಾಪಾರಿ): ನಮಸ್ಕಾರ ಸರ್. ಪೈಥಾನ್ ಕಲಿಯುತ್ತಿರುವ ಮಗ ನಮ್ಮ ಅಂಗಡಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಚಾಲಿ ಅಡಿಕೆಯ ತೂಕವನ್ನು ಕಿಲೋದಲ್ಲಿ, ದರವನ್ನು ರೂಪಾಯಿಯಲ್ಲಿ ದಶಮಾಂಶವಾಗಿ ಹಾಕುತ್ತೇವೆ. ಕೈಲೆಕ್ಕಕ್ಕೂ ಅದಕ್ಕೂ ಕೆಲವೊಮ್ಮೆ ಒಂದು ಪೈಸೆ ವ್ಯತ್ಯಾಸ ಬರುತ್ತದೆ. ಪರೀಕ್ಷಿಸಲೆಂದು 0.1ನ್ನು ಒಂದೊಂದಾಗಿ ಹತ್ತು ಸಲ ಕೂಡಿಸಿದಾಗ 1ರ ಬದಲು 0.9999999999999999 ಬಂತು. ಗೋಣಿಗಳ ಎಣಿಕೆ ಮಾತ್ರ ಒಮ್ಮೆಯೂ ತಪ್ಪಿಲ್ಲ. ತಪ್ಪು ಮಗನದೋ, ಯಂತ್ರದ್ದೋ?

ಉತ್ತರ (ಸಾಫ್ಟ್‌ವೇರ್ ಇಂಜಿನಿಯರ್): ಲೆಕ್ಕದ ಕ್ರಮ ಸರಿಯಾಗಿದೆ, ಯಂತ್ರವೂ ಕೆಟ್ಟಿಲ್ಲ. ಗೋಣಿಯ ಎಣಿಕೆ ಪೂರ್ಣಾಂಕ. 23 ಮತ್ತು 24ರ ನಡುವೆ ಬೇರೆ ಗೋಣಿಯಿಲ್ಲದ ಕಾರಣ ಕಂಪ್ಯೂಟರ್ ಅದನ್ನು ಇದ್ದಂತೆಯೇ ಇಟ್ಟುಕೊಳ್ಳುತ್ತದೆ. ತೂಕ ಹಾಗಲ್ಲ. ಎಷ್ಟೇ ಹತ್ತಿರದ ಎರಡು ತೂಕಗಳ ನಡುವೆಯೂ ಮತ್ತೊಂದಕ್ಕೆ ಜಾಗವಿರುತ್ತದೆ, ಆದರೆ ಒಂದು ದಶಮಾಂಶ ಸಂಖ್ಯೆಗೆ ಕಂಪ್ಯೂಟರ್ ಸಾಮಾನ್ಯವಾಗಿ ಕೊಡುವುದು 64 ಬಿಟ್‌ಗಳನ್ನು, ಅಂದರೆ 0 ಅಥವಾ 1 ಮಾತ್ರ ಹಿಡಿಯುವ 64 ಸ್ಥಾನಗಳನ್ನು ಮಾತ್ರ.

ಇದನ್ನು ನಮ್ಮ ಹಿರಿಯರ ಲೆಕ್ಕದಿಂದ ನೋಡಿದರೆ ಬಹಳ ಸ್ಪಷ್ಟವಾಗುತ್ತದೆ. ಅರ್ಧ, ಕಾಲು, ಅರೆಕಾಲು, ವೀಸ (ಹದಿನಾರನೇ ಒಂದು ಭಾಗ) ಎಂದು ಅವರು ಅರ್ಧಿಸುತ್ತಲೇ ಹೋಗುತ್ತಿದ್ದರು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಜಾರಿಗೆ ಬರುವ ಮೊದಲು ರೂಪಾಯಿಗೆ 16 ಆಣೆಗಳಿದ್ದುದೂ ಇದೇ ಕ್ರಮದಲ್ಲಿ. ಕಂಪ್ಯೂಟರಿನ ದ್ವಿಮಾನ ಲೆಕ್ಕವೂ ಅರ್ಧಿಸುವ ಲೆಕ್ಕವೇ ಆದ್ದರಿಂದ ಒಂದು ಆಣೆ, ಅಂದರೆ 0.0625 ರೂಪಾಯಿ, ಅದರೊಳಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತದೆ. ಹತ್ತನೇ ಒಂದು ಭಾಗವನ್ನಾದರೋ ಎಷ್ಟು ಸಲ ಅರ್ಧಿಸಿ ಕೂಡಿಸಿದರೂ ಮುಟ್ಟಲಾಗದು. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಬರೆದು ನಿಲ್ಲಿಸುವಂತೆ, ಅದೂ 0.1ನ್ನು ಒಂದೆಡೆ ಕಡಿದು ನಿಲ್ಲಿಸುತ್ತದೆ. 1.005 ಸಹ ಒಳಗೆ ತುಸು ಕಡಿಮೆಯಾಗಿಯೇ ಉಳಿಯುವುದರಿಂದ, ಎರಡು ಸ್ಥಾನಕ್ಕೆ ಇಳಿಸಿದಾಗ 1.01 ಬಾರದೆ 1.00 ಬರುತ್ತದೆ. ನಿಮ್ಮ ಒಂದು ಪೈಸೆ ತಪ್ಪುವುದು ಇಂತಹ ಕಡೆಯಲ್ಲಿ.

ಪರಿಹಾರ ಸುಲಭ: ತೂಕವನ್ನು ಗ್ರಾಮಿನಲ್ಲಿ, ದರವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿಯೇ ಇಡಿ. ಕಿಲೋಗೆ 412 ರೂಪಾಯಿಯಂತೆ 12 ಕಿಲೋ 350 ಗ್ರಾಂ ಅಡಿಕೆಗೆ 12350ನ್ನು 41200ರಿಂದ ಗುಣಿಸಿ 1000ದಿಂದ ಭಾಗಿಸಿದರೆ 508820 ಪೈಸೆ, ಅಂದರೆ 5088 ರೂಪಾಯಿ 20 ಪೈಸೆ.

ಮರುಪ್ರಶ್ನೆ (ಅದೇ ವ್ಯಾಪಾರಿ): ಭಾಗಿಸುವಾಗ ಪೈಸೆಯ ಚೂರು ಉಳಿದರೆ ಏನು ಮಾಡಬೇಕು ಸರ್?

ಉತ್ತರ: ಇಲ್ಲಿ ಎಚ್ಚರ ಬೇಕು. ಪೈಥಾನಿನಲ್ಲಿ ಎರಡು ಓರೆಗೆರೆ ಹಾಕಿ 7ನ್ನು 2ರಿಂದ ಭಾಗಿಸಿದರೆ ಶೇಷವನ್ನು ಬಿಟ್ಟು 3 ಎನ್ನುತ್ತದೆ. ಒಂದೇ ಓರೆಗೆರೆ ಹಾಕಿದರೆ 3.5 ಎಂದು ಮತ್ತೆ ದಶಮಾಂಶಕ್ಕೆ ಹೋಗುತ್ತದೆ. ಆದ್ದರಿಂದ ಗುಣಲಬ್ಧಕ್ಕೆ ಮೊದಲು 500 ಕೂಡಿಸಿ, ಬಳಿಕ ಎರಡು ಓರೆಗೆರೆಯಿಂದ 1000ಕ್ಕೆ ಭಾಗಿಸಲು ಮಗನಿಗೆ ಹೇಳಿ. ಆಗ ಅರ್ಧ ಪೈಸೆ ಅಥವಾ ಅದಕ್ಕಿಂತ ಹೆಚ್ಚಿನ ಚೂರು ಒಂದು ಪೈಸೆಯಾಗುತ್ತದೆ, ಕಡಿಮೆಯಿದ್ದರೆ ಬಿಟ್ಟುಹೋಗುತ್ತದೆ. ರೂಪಾಯಿಯ ಚುಕ್ಕಿಯನ್ನು ಬಿಲ್ಲು ಅಚ್ಚು ಹಾಕುವಾಗ ಮಾತ್ರ ಇಟ್ಟರೆ ಸಾಕು.